ಮೂವತ್ತು ರೂಪಾಯಿ ಬೇಕಾ, ಕೂಪನ್ ಬೇಕಾ? ನಮ್ಮ ದಿನಸಿ ಅಂಗಡಿಯ ದೀಪಾವಳಿ ಸ್ಕೀಮ್

ಕೋಲಾರದಲ್ಲಿ ನಾವು ತಿಂಗಳ ಸಾಮಾನು ತರುವ ದಿನಸಿ ಅಂಗಡಿ ಬಗ್ಗೆ ಬರೆಯಬೇಕು ಅಂತ ದೀಪಾವಳಿಯಿಂದಲೂ ಅಂದುಕೊಳ್ಳುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಕೆಳಗೆ ಒಂದೆರಡು ದೂರುಗಳಿವೆ, ಅವನ್ನು ಯಜಮಾನರಿಗೆ ನೇರವಾಗಿ ಹೇಳಿಯಾಗಿದೆ, ಊರಿಗೆಲ್ಲ ಸಾರುವುದು ಬೇಡ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರಾಣಿಗಳು ಆಹಾರ ಹುಡುಕುವಾಗ ಯಾವುದನ್ನು ಆರಿಸಿಕೊಳ್ಳುತ್ತವೆ, ಯಾಕೆ ಆರಿಸಿಕೊಳ್ಳುತ್ತವೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಅದಕ್ಕೇ ಈ ಅಂಗಡಿಯ ಗಲ್ಲಾ ಮುಂದೆ ನಿಂತಾಗ ಬರೀ ಬೇಳೆ ರೇಟು ನೋಡಿಕೊಂಡು ಬರಲು ಆಗಲಿಲ್ಲ.

ಮೊದಲು ಸಾಮಾನಿನ ಮಾತು ಮುಗಿಸುತ್ತೇನೆ. ರಾಗಿ ಚೆನ್ನಾಗಿರುತ್ತದೆ, ಕಲ್ಲು ಮಣ್ಣು ಇರುವುದಿಲ್ಲ, ಕೇಳಿದರೆ ಅಲ್ಲೇ ಮೊರಕ್ಕೆ ಹಾಕಿ ತೋರಿಸುತ್ತಾರೆ. ತೊಗರಿಬೇಳೆ ಎರಡು ತರ ಇದೆ. ದುಬಾರಿಯದ್ದು ಬೇಗ ಬೇಯುತ್ತದೆ, ಅಗ್ಗದ್ದಕ್ಕೆ ಕುಕ್ಕರಿನಲ್ಲಿ ಎರಡು ವಿಷಲ್ ಜಾಸ್ತಿ ಬೇಕು, ಇದನ್ನು ಅವರೇ ಹೇಳಿ ಕೊಡುತ್ತಾರೆ. ಉಂಡೆ ಬೆಲ್ಲ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಬಿಡಿಯಾಗಿ ಸಿಗುತ್ತವೆ. ತೂಕದಲ್ಲಿ ಮೋಸ ಇಲ್ಲ, ಮನೆಗೆ ತಂದು ಎರಡು ಮೂರು ಸಲ ತೂಗಿ ನೋಡಿದ್ದೇನೆ. ಸೂಪರ್ ಮಾರ್ಕೆಟ್ಟಿಗಿಂತ ಬೇಳೆಗೆ ಒಂದೆರಡು ರೂಪಾಯಿ ಜಾಸ್ತಿ, ಅಕ್ಕಿಗೆ ಕಮ್ಮಿ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಸಂಜೆ ಆರರ ಮೇಲೆ ಹೋದರೆ ಕಷ್ಟ. ಇಷ್ಟು ಸಾಕು.

ಈಗ ಸ್ಕೀಮ್. ಆಯುಧ ಪೂಜೆಯಿಂದ ದೀಪಾವಳಿವರೆಗೆ ಪ್ರತಿ ಸಾವಿರ ರೂಪಾಯಿ ಬಿಲ್ಲಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಬಿಲ್ಲಿನಲ್ಲೇ ಮೂವತ್ತು ರೂಪಾಯಿ ಬಿಡುತ್ತಾರೆ, ಅದು ಬೇಡ ಅಂದರೆ ಒಂದು ಉಜ್ಜುವ ಕೂಪನ್ ಕೊಡುತ್ತಾರೆ. ಹೋದ ವರ್ಷ ಬರೀ ಕೂಪನ್ ಇತ್ತಂತೆ, ನಮ್ಮ ಬೀದಿಯ ಹೆಂಗಸರು ಹಟ ಹಿಡಿದು ಕೇಳಿದ್ದಕ್ಕೆ ಈ ಸಲ ಮೂವತ್ತು ರೂಪಾಯಿಯೂ ಸೇರಿತು. ಗಲ್ಲಾ ಪಕ್ಕದಲ್ಲಿ ಒಂದು ಕಪ್ಪು ಹಲಗೆ, ಶಾಲೆಯಲ್ಲಿ ಇರುತ್ತದಲ್ಲ ಅಂಥದ್ದು. ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರ. ಒಟ್ಟು ಕೂಪನ್ 1,000. ಮಿಕ್ಸಿ 1. ಕುಕ್ಕರ್ 4. ಎಣ್ಣೆ ಪ್ಯಾಕೆಟ್ 50. ಉಳಿದವು ಖಾಲಿ.

ಆ ಕೊನೆಯ ಸಾಲನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ನೋಡಿಲ್ಲ. ಎಲ್ಲರೂ ಮಿಕ್ಸಿ ಚಿತ್ರ ಹಾಕುತ್ತಾರೆ, ಖಾಲಿ ಎಷ್ಟು ಅಂತ ಯಾರೂ ಬರೆಯುವುದಿಲ್ಲ. ಇಲ್ಲಿ ಶೆಟ್ರು ರಾತ್ರಿ ಬಾಗಿಲು ಹಾಕುವ ಮುಂಚೆ ಹಳೆ ಅಂಕಿ ಒರೆಸಿ, ಇನ್ನು ಎಷ್ಟು ಕೂಪನ್ ಉಳಿದಿದೆ, ಎಷ್ಟು ಬಹುಮಾನ ಉಳಿದಿದೆ ಅಂತ ಹೊಸದಾಗಿ ಬರೆದು ಹೋಗುತ್ತಾರೆ. ಈ ವಿಮರ್ಶೆಗೆ ಕೂತಿದ್ದೇ ಆ ಹಲಗೆಯಿಂದ.

ಲೆಕ್ಕ ಹಾಕೋಣ. ಮಿಕ್ಸಿ ನಾಲ್ಕು ಸಾವಿರದ್ದು. ಕುಕ್ಕರ್ ಒಂದೊಂದು ಒಂದೂವರೆ ಸಾವಿರ, ನಾಲ್ಕಕ್ಕೆ ಆರು ಸಾವಿರ. ಎಣ್ಣೆ ಪ್ಯಾಕೆಟ್ 150 ರೂಪಾಯಿ ಅಂತ ಇಟ್ಟುಕೊಂಡರೆ ಐವತ್ತಕ್ಕೆ ಏಳೂವರೆ ಸಾವಿರ. ಒಟ್ಟು 17,500. ಸಾವಿರ ಕೂಪನ್ನಿಗೆ ಹಂಚಿದರೆ ಒಂದು ಕೂಪನ್ನಿನ ಸರಾಸರಿ ಬೆಲೆ ಹದಿನೇಳೂವರೆ ರೂಪಾಯಿ. ಪಕ್ಕದಲ್ಲೇ ಮೂವತ್ತು ರೂಪಾಯಿ ಖಚಿತವಾಗಿ ಸಿಗುತ್ತಿದೆ. ಅಂದರೆ ಲೆಕ್ಕದ ಪ್ರಕಾರ ಎಲ್ಲರೂ ಮೂವತ್ತು ರೂಪಾಯಿ ತಗೋಬೇಕು, ಅಲ್ವಾ? ನಾನು ಮೊದಲ ಸಲ ಹೋದ ಸಂಜೆ ಸಾಲಿನಲ್ಲಿ ನನ್ನ ಮುಂದಿದ್ದವರೆಲ್ಲ ಕೂಪನ್ನೇ ತಗೊಂಡರು.

ಇದು ನಮ್ಮೂರಿನವರ ಬುದ್ಧಿ ಮಾತ್ರ ಅಂತ ಯಾರೂ ಅಂದುಕೊಳ್ಳಬೇಡಿ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದೇ ತರದ ಪ್ರಶ್ನೆ ಇದೆ. ಖಚಿತವಾಗಿ 5 ಬೇಕಾ, ಇಲ್ಲ ಸಾವಿರದಲ್ಲಿ ಒಂದು ಸಲ 5,000 ಸಿಗುವ ಅವಕಾಶ ಬೇಕಾ? ಎರಡರ ಸರಾಸರಿಯೂ ಒಂದೇ. ನೂರಕ್ಕೆ 72 ಜನ ಅವಕಾಶವನ್ನೇ ಆರಿಸಿಕೊಂಡರು. ಆಮೇಲೆ ಅದನ್ನೇ ತಿರುಗಿಸಿ ಕೇಳಿದರು. ಖಚಿತವಾಗಿ 5 ಕಳೆದುಕೊಳ್ಳುತ್ತೀರಾ, ಇಲ್ಲ ಸಾವಿರದಲ್ಲಿ ಒಂದು ಸಲ 5,000 ಕಳೆದುಕೊಳ್ಳುವ ಅಪಾಯ ಇಟ್ಟುಕೊಳ್ಳುತ್ತೀರಾ? ಈಗ ನೂರಕ್ಕೆ 83 ಜನ ಐದನ್ನು ಕಳೆದುಕೊಳ್ಳಲು ಒಪ್ಪಿದರು. ಸಾವಿರದಲ್ಲಿ ಒಂದು ಅನ್ನುವುದು ನಮ್ಮ ಮನಸ್ಸಿನಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ಆಸೆಯಾದರೆ ಲಾಟರಿ ಟಿಕೆಟ್ ತಗೊಳ್ಳುತ್ತೇವೆ, ಭಯವಾದರೆ ಇನ್ಶೂರೆನ್ಸ್ ಕಟ್ಟುತ್ತೇವೆ. ಇಂಥ ಕೆಲಸಕ್ಕಾಗಿಯೇ ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಆದರೆ ನನಗೆ ಆ ಸಾಲಿನಲ್ಲಿ ನಿಂತಾಗ ನೆನಪಾಗಿದ್ದು ಪಾರಿವಾಳಗಳು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಥಾಮಸ್ ಜೆಂಟಲ್ ಮತ್ತು ಜೆಸಿಕಾ ಸ್ಟಾಗ್ನರ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಪಾರಿವಾಳದ ಮುಂದೆ ಎರಡು ಗುಂಡಿ. ಒಂದನ್ನು ಕುಕ್ಕಿದರೆ ಯಾವಾಗಲೂ ಮೂರು ಕಾಳಿನಷ್ಟು ಆಹಾರ. ಇನ್ನೊಂದನ್ನು ಕುಕ್ಕಿದರೆ ಐದರಲ್ಲಿ ಒಂದು ಸಲ ಒಂದು ಬಣ್ಣದ ದೀಪ ಹತ್ತುತ್ತದೆ, ಆಗ ಹತ್ತು ಕಾಳು ಗ್ಯಾರಂಟಿ. ಉಳಿದ ನಾಲ್ಕು ಸಲ ಬೇರೆ ಬಣ್ಣದ ದೀಪ, ಆಗ ಏನೂ ಇಲ್ಲ. ಎರಡನೆಯದರ ಸರಾಸರಿ ಎರಡೇ ಕಾಳು. ಆದರೂ ಪಾರಿವಾಳಗಳು ಮತ್ತೆ ಮತ್ತೆ ಎರಡನೇ ಗುಂಡಿಯನ್ನೇ ಕುಕ್ಕಿದವು. ಮೂರಕ್ಕೆ ಎರಡು, ನಮ್ಮ ಅಂಗಡಿಯ ಮೂವತ್ತಕ್ಕೆ ಹದಿನೇಳೂವರೆ, ಹೆಚ್ಚು ಕಮ್ಮಿ ಅದೇ ಲೆಕ್ಕ. ಹತ್ತು ಕಾಳಿನ ದೀಪ ಹತ್ತಿದ ಆ ಕ್ಷಣವನ್ನು ಹಕ್ಕಿ ಹಿಡಿದುಕೊಳ್ಳುತ್ತದೆ, ಖಾಲಿ ದೀಪ ಎಷ್ಟು ಸಲ ಹತ್ತಿತು ಅನ್ನುವುದು ಅಷ್ಟಾಗಿ ಲೆಕ್ಕಕ್ಕೇ ಬರುವುದಿಲ್ಲ.

ಗಲ್ಲಾ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿರುತ್ತಾರೆ, ಉಜ್ಜುವುದಕ್ಕೆ. ಅದಕ್ಕೆ ದಾರ ಕಟ್ಟಿದೆ. ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಕೂಪನ್ನನ್ನು ಎಡಗೈಯಲ್ಲಿ ಒತ್ತಿ ಹಿಡಿದು, ನಾಣ್ಯದ ಅಂಚಿನಿಂದ ಒಂದು ಮೂಲೆ ಮಾತ್ರ ಉಜ್ಜಿದರು. ನಿಲ್ಲಿಸಿದರು. ಬೆಳ್ಳಿ ಪುಡಿ ಊದಿದರು. ಮತ್ತೆ ಸ್ವಲ್ಪ ಉಜ್ಜಿದರು. ಅಷ್ಟರಲ್ಲಿ ಹಿಂದೆ ನಿಂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು, ನಾನೂ ಸೇರಿ. ಬಹುಮಾನ ಬಂತೋ ಬಿಟ್ಟಿತೋ, ಗೊತ್ತಾಗುವ ಮುಂಚಿನ ಆ ಗಳಿಗೆಯೇ ಬೇರೆ. ಕೋತಿಗಳ ಮೆದುಳಿನಲ್ಲಿ ಡೋಪಮೈನ್ (ಬಹುಮಾನದ ನಿರೀಕ್ಷೆಗೆ ಸಂಬಂಧಿಸಿದ ಒಂದು ರಾಸಾಯನಿಕ) ಸೂಸುವ ನರಕೋಶಗಳನ್ನು ಅಳೆದವರು (ಕ್ರಿಸ್ಟಫರ್ ಫಿಯೊರಿಲ್ಲೊ, ಫಿಲಿಪ್ ಟಾಬ್ಲರ್, ವುಲ್ಫ್ರಮ್ ಶುಲ್ಟ್ಜ್, 2003) ಇದನ್ನೇ ಕಂಡಿದ್ದರು. ಸಿಹಿ ರಸ ಸಿಗುತ್ತದೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಅನುಮಾನ ಇರುವಾಗ, ಕಾಯುವ ಆ ಹೊತ್ತಿನಲ್ಲಿ ನರಕೋಶಗಳ ಚಟುವಟಿಕೆ ಏರುತ್ತಾ ಹೋಗುತ್ತದೆ. ಸಿಕ್ಕೇ ಸಿಗುತ್ತದೆ ಅಂತ ಗೊತ್ತಿದ್ದರೆ ಹಾಗೆ ಏರುವುದಿಲ್ಲ.

ಅಜ್ಜಿಯ ಕೂಪನ್ ಖಾಲಿ. "ಹೋಗ್ಲಿ ಬಿಡಪ್ಪಾ" ಅಂತ ನಕ್ಕು ಚೀಲ ಎತ್ತಿಕೊಂಡರು.

ನಮ್ಮ ಅಮ್ಮ ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೂ ಮೂವತ್ತು ರೂಪಾಯಿಯೇ. ಹಲಗೆ ಕಡೆ ತಿರುಗಿಯೂ ನೋಡಲಿಲ್ಲ. "ಅದ್ರಲ್ಲಿ ಒಂದು ಪ್ಯಾಕೆಟ್ ಹಾಲು ಬರತ್ತೆ" ಅನ್ನುವುದು ಅವರ ಒಂದೇ ಮಾತು. ಲೆಸ್ಲಿ ರಿಯಲ್ ಅನ್ನುವ ವಿಜ್ಞಾನಿ ಬಂಬಲ್‌ಬೀ ಎಂಬ ದಪ್ಪ ದುಂಬಿಗಳ ಮುಂದೆ ನೀಲಿ ಮತ್ತು ಹಳದಿ ಬಣ್ಣದ ಕೃತಕ ಹೂಗಳನ್ನು ಇಟ್ಟಿದ್ದರು. ಒಂದು ಬಣ್ಣದ ಎಲ್ಲ ಹೂಗಳಲ್ಲೂ ಸ್ವಲ್ಪ ಮಕರಂದ. ಇನ್ನೊಂದು ಬಣ್ಣದಲ್ಲಿ ಮೂರಕ್ಕೊಂದು ಹೂವಿನಲ್ಲಿ ಮೂರು ಪಟ್ಟು, ಉಳಿದೆರಡು ಖಾಲಿ. ಸರಾಸರಿ ಸಮ. ದುಂಬಿಗಳು ಹೆಚ್ಚಾಗಿ ಹೋಗಿದ್ದು ಎಲ್ಲದರಲ್ಲೂ ಸ್ವಲ್ಪ ಇರುವ ಬಣ್ಣಕ್ಕೆ. ಬಣ್ಣ ಅದಲು ಬದಲು ಮಾಡಿದರೆ ಅವೂ ಬದಲಾಯಿಸಿಕೊಂಡವು. ಅಮ್ಮನಿಗೆ ಇದನ್ನು ಹೇಳಿದೆ. "ಮತ್ತಿನ್ನೇನು, ದುಂಬಿಗೂ ಮನೆ ನಡೆಸ್ಬೇಕಲ್ಲ" ಅಂದರು.

ಈಗ ಚಿಕ್ಕಪ್ಪನ ವಿಷಯ. ಅವರಿಗಾಗಿಯೇ ಇಷ್ಟು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಚಿಕ್ಕಪ್ಪನ ಹೊಲ ಇರುವುದು ಬಂಗಾರಪೇಟೆ ತಾಲ್ಲೂಕಿನಲ್ಲಿ, ಕಾಮಸಮುದ್ರದ ಕಡೆ. ಟೊಮೆಟೊ, ಜೊತೆಗೆ ಮನೆ ಮಟ್ಟಿಗೆ ರಾಗಿ. ಈ ಸಲ ಹಬ್ಬದ ಹೊತ್ತಿಗೆ ಮಂಡಿಯಲ್ಲಿ ಬಾಕ್ಸಿನ ರೇಟು ಬಿದ್ದುಹೋಗಿತ್ತು, ಕೀಳಿಸಿದ ಕೂಲಿ ಸಹ ಗಿಟ್ಟಲಿಲ್ಲ. ಗೊಬ್ಬರದ ಅಂಗಡಿಯ ಸಾಲ ಹಾಗೇ ನಿಂತಿತ್ತು. ಆಳುಗಳಿಗೂ ಸೇರಿಸಿ ಆರು ಸಾವಿರದ ದಿನಸಿ ಕಟ್ಟಿಸಿದರು. ಮೂವತ್ತರ ಲೆಕ್ಕದಲ್ಲಿ 180 ರೂಪಾಯಿ ಕಡಿಮೆ ಆಗುತ್ತಿತ್ತು. ಶೆಟ್ರು ಕೇಳಿದರು, ಏನು ಮಾಡಲಿ ಅಂತ. ಚಿಕ್ಕಪ್ಪ ಯೋಚನೆಯನ್ನೇ ಮಾಡಲಿಲ್ಲ, ಆರು ಕೂಪನ್ ಕೊಡಿ ಅಂದರು.

"ಯಾಕಪ್ಪಾ, ನೂರೆಂಬತ್ತು ರೂಪಾಯಿ ಸುಮ್ನೆ ಬಿಡ್ತೀಯಲ್ಲ" ಅಂದರು ಅಮ್ಮ.

"ನೂರೆಂಬತ್ತು ತಗೊಂಡು ಏನ್ ಮಾಡ್ಲಿ ಅತ್ತಿಗೆ, ಅದು ಸಾಲಕ್ಕೆ ಸಾಲಲ್ಲ. ಮಿಕ್ಸಿ ಬಿದ್ರೆ ಮಾರಿಯಾದ್ರೂ ಒಂದು ಕಂತು ಕಟ್ತೀನಿ."

ಆ ಮಾತು ಕೇಳಿ ನನಗೆ ಒಂದು ನಿಮಿಷ ಏನೂ ಹೇಳಲು ಆಗಲಿಲ್ಲ. ಅರಿಜೋನಾ, ಮೆಕ್ಸಿಕೊ ಕಡೆ ಇರುವ ಹಳದಿ ಕಣ್ಣಿನ ಜಂಕೊ ಅನ್ನುವ ಹಕ್ಕಿ, ಗುಬ್ಬಚ್ಚಿಯಷ್ಟೇ ದೊಡ್ಡದು, ಅದು ಹೇಳಿದ್ದೂ ಇದನ್ನೇ. ಥಾಮಸ್ ಕ್ಯಾರಕೊ ಮತ್ತು ಜೊತೆಗಾರರು 1980ರಲ್ಲಿ ಈ ಹಕ್ಕಿಗಳಿಗೆ ಎರಡು ಆಯ್ಕೆ ಕೊಟ್ಟರು. ಒಂದು ಕಡೆ ಪ್ರತಿ ಸಲವೂ ಇಷ್ಟೇ ಕಾಳು. ಇನ್ನೊಂದು ಕಡೆ ಅರ್ಧ ಸಲ ಅದರ ಎರಡರಷ್ಟು, ಅರ್ಧ ಸಲ ಏನೂ ಇಲ್ಲ. ಹೊಟ್ಟೆ ಸುಮಾರಾಗಿ ತುಂಬಿದ್ದು ದಿನದ ಖರ್ಚಿಗೆ ಸಾಕಾಗುವಷ್ಟು ಕಾಳು ಸಿಗುತ್ತಿದ್ದಾಗ ಹಕ್ಕಿ ಖಚಿತವಾದ ಕಡೆಗೆ ಹೋಯಿತು. ಗಂಟೆಗಟ್ಟಲೆ ಉಪವಾಸ ಇಟ್ಟು, ಖಚಿತ ಕಾಳಿನಲ್ಲಿ ಬದುಕುವುದು ಸಾಧ್ಯವಿಲ್ಲ ಅನ್ನುವ ಸ್ಥಿತಿ ತಂದಾಗ ಅದೇ ಹಕ್ಕಿ ಜೂಜಿನ ಕಡೆಗೆ ಹೋಯಿತು. ಹತ್ತು ವರ್ಷದ ಮೇಲೆ ಕ್ಯಾರಕೊ ಇದನ್ನು ಚಳಿ ಇಟ್ಟು ನೋಡಿದರು. 19 ಡಿಗ್ರಿಯಲ್ಲಿ ಖಚಿತ, 1 ಡಿಗ್ರಿಯಲ್ಲಿ ಜೂಜು. ಚಳಿಯಲ್ಲಿ ಮೈ ಬೆಚ್ಚಗಿಡಲು ಹೆಚ್ಚು ಕಾಳು ಬೇಕು. ರಾತ್ರಿ ಕಳೆಯಲು ಬೇಕಾದಷ್ಟು ಹೇಗೂ ಸಿಗುವುದಿಲ್ಲ ಅಂದಮೇಲೆ ಸ್ವಲ್ಪ ಸಿಕ್ಕಿದರೂ ಒಂದೇ, ಏನೂ ಸಿಗದಿದ್ದರೂ ಒಂದೇ. ಎರಡರಷ್ಟು ಸಿಕ್ಕಿದರೆ ಮಾತ್ರ ಬೆಳಗಾಗುತ್ತದೆ.

ಚಿಕ್ಕಪ್ಪ ಜೂಜಿನ ಮನುಷ್ಯ ಅಲ್ಲ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಅವರ ಕೈಗೂ ಒಳ್ಳೆ ದುಡ್ಡು ಬಂತು. ಊರಲ್ಲಿ ಎಷ್ಟೋ ಜನ ಇನ್ನೂ ಎರಡೆಕರೆ ಗುತ್ತಿಗೆ ಹಿಡಿ, ಇನ್ನೂ ಹಾಕು ಅಂದರು. ಇವರು ಪೋಸ್ಟ್ ಆಫೀಸಿನಲ್ಲಿ ಕಟ್ಟಿ ಬಂದರು, ಉಳಿದಿದ್ದಕ್ಕೆ ಚಿಕ್ಕಮ್ಮನಿಗೆ ಓಲೆ ಮಾಡಿಸಿದರು. ಅದೇ ಮನುಷ್ಯ, ಅದೇ ತಲೆ. ಅವತ್ತು ಹೊಟ್ಟೆ ತುಂಬಿತ್ತು, ಇವತ್ತು ಚಳಿ ಒಂದು ಡಿಗ್ರಿಗೆ ಇಳಿದಿದೆ. ಬಡವರು ಲಾಟರಿ ತಗೊಳ್ಳುತ್ತಾರೆ, ಅವರಿಗೆ ಲೆಕ್ಕ ಬರಲ್ಲ ಅಂತ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಲೆಕ್ಕ ಚೆನ್ನಾಗೇ ಬರುತ್ತದೆ, ಅವರು ಮಾಡುತ್ತಿರುವುದು ಬೇರೆ ಲೆಕ್ಕ.

ಹಾಗಂತ ಹಸಿವೊಂದೇ ಎಲ್ಲದಕ್ಕೂ ಕಾರಣ ಅಂತಲೂ ಅಲ್ಲ. ಜಂಕೊ ಪ್ರಯೋಗ ಬಹಳ ಹೆಸರು ಮಾಡಿತು, ಪಠ್ಯಪುಸ್ತಕಗಳಿಗೆ ಬಂತು, ಆದರೆ ಆಕ್ಸ್‌ಫರ್ಡಿನ ಅಲೆಕ್ಸ್ ಕಾಸೆಲ್ನಿಕ್ ಮತ್ತು ಕ್ಲೇರ್ ಎಲ್ ಮೌಡೆನ್ ಅಷ್ಟೂ ವರ್ಷಗಳ ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗೆ ನೋಡಿ, ಆ ನಿಯಮ ಎಲ್ಲ ಪ್ರಾಣಿಗಳಲ್ಲೂ ಹಾಗೆ ಕಾಣಿಸುವುದಿಲ್ಲ ಅಂತ ತೋರಿಸಿದರು. ನಾನು ಕ್ಲಾಸಿನಲ್ಲಿ ಮೊದಲು ಜಂಕೊ ಕಥೆ ಹೇಳುತ್ತೇನೆ, ಆಮೇಲೆ ಇದನ್ನೂ ಹೇಳುತ್ತೇನೆ, ಎರಡೂ ಬೇಕು.

ಇನ್ನೊಂದು ಉದಾಹರಣೆ ಚಿಕ್ಕಪ್ಪನ ಹೊಲಕ್ಕೇ ಬರುತ್ತದೆ. ಆನೆ. ಕಾಮಸಮುದ್ರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಗಿ ತೆನೆ ಕಟ್ಟಿದ ಮೇಲೆ ರಾತ್ರಿ ಪಟಾಕಿ, ಟಾರ್ಚು, ಕೂಗಾಟ, ಇಷ್ಟೆಲ್ಲ ಇದ್ದರೂ ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಚಾಮರಾಜನಗರದ ಕಡೆಯ ಕಾಡಿನಂಚಿನ ಹಳ್ಳಿಗಳಲ್ಲಿ ಇದನ್ನು ವರ್ಷಗಟ್ಟಲೆ ಕೂತು ನೋಡಿದವರು. ಮಾಧವ ಗಾಡ್ಗೀಳ್ ಜೊತೆ ಅವರು 1988ರಲ್ಲಿ ಬರೆದಿದ್ದು ಏನು ಅಂದರೆ, ಬೆಳೆದ ಗಂಡಾನೆ ಹೊಲಕ್ಕೆ ನುಗ್ಗುವುದು ಮರಿಗಳ ಜೊತೆ ಗುಂಪಿನಲ್ಲಿರುವ ಹೆಣ್ಣಾನೆಗಿಂತ ಎಷ್ಟೋ ಪಟ್ಟು ಜಾಸ್ತಿ. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಸತ್ವ ಹೆಚ್ಚು. ಗಂಡಾನೆ ಮೈ ತುಂಬಿಕೊಂಡು ಬಲವಾದರೆ ಹೆಣ್ಣಿಗಾಗಿ ಬೇರೆ ಗಂಡುಗಳ ಜೊತೆ ಸೆಣಸುವಾಗ ಗೆಲ್ಲುವ ಅವಕಾಶ ಹೆಚ್ಚುತ್ತದೆ, ಅದಕ್ಕೆ ಗುಂಡು, ಕರೆಂಟಿನ ಅಪಾಯವನ್ನೂ ಮೈಮೇಲೆ ಹಾಕಿಕೊಳ್ಳುತ್ತದೆ. ಇಲ್ಲಿ ಹಸಿವಿನಿಂದ ಸಾಯುವ ಮಾತಿಲ್ಲ. ಗೆದ್ದರೆ ಸಿಗುವುದು ಬಹಳ ದೊಡ್ಡದು, ಅಷ್ಟೇ. ಮರಿ ಜೊತೆಗಿರುವ ಹೆಣ್ಣಿಗೆ ಆ ಲೆಕ್ಕ ಹೊಂದುವುದಿಲ್ಲ, ಅದು ಹೆಚ್ಚಾಗಿ ಕಾಡಿನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಇದನ್ನು ಹೇಳಿದಾಗ ಚಿಕ್ಕಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂಟಿ ಸಲಗ ಬಂದಾಗ ಓಡ್ಸೋದು ಕಷ್ಟ ಅನ್ನೋದು ಸರೀನೇ" ಅಂದರು.

ಚಿಕ್ಕಪ್ಪನ ಆರು ಕೂಪನ್ನಿನಲ್ಲಿ ಒಂದಕ್ಕೆ ಎಣ್ಣೆ ಪ್ಯಾಕೆಟ್ ಬಂತು, ಐದು ಖಾಲಿ. 150 ರೂಪಾಯಿ ಎಣ್ಣೆ, ಬಿಟ್ಟಿದ್ದು 180. ಆದರೂ ಪ್ಯಾಕೆಟ್ ಕೈಯಲ್ಲಿ ಹಿಡಿದು ಅವರು ಎಷ್ಟು ಖುಷಿಯಾಗಿದ್ದರು ಅಂದರೆ ಅಮ್ಮ ಕೂಡ ಲೆಕ್ಕ ಹೇಳಲಿಲ್ಲ.

ಈಗ ದೂರುಗಳು.

ಮೊದಲನೆಯದು ಕೂಪನ್ನಿನ ಚಿತ್ರ. ಪ್ರತಿ ಕೂಪನ್ನಿನಲ್ಲಿ ಮೂರು ಚೌಕ, ಮೂರರಲ್ಲೂ ಒಂದೇ ಚಿತ್ರ ಬಂದರೆ ಬಹುಮಾನ. ಕೆಳಗೆ ಬುಟ್ಟಿಯಲ್ಲಿ ಬಿದ್ದಿದ್ದ ಖಾಲಿ ಕೂಪನ್‌ಗಳನ್ನು ಕೇಳಿ ತಗೊಂಡು ನೋಡಿದೆ. ಮಿಕ್ಸಿ, ಮಿಕ್ಸಿ, ದೀಪ. ಕುಕ್ಕರ್, ಕುಕ್ಕರ್, ಹೂವು. ಮಿಕ್ಸಿ, ಮಿಕ್ಸಿ, ತೆಂಗಿನಕಾಯಿ. ಮುಕ್ಕಾಲು ಪಾಲು ಹೀಗೇ, ಒಂದರಲ್ಲಿ ತಪ್ಪಿತು ಅನ್ನುವ ಹಾಗೆ. ಎರಡು ಮಿಕ್ಸಿ ಬಂದರೆ ಮಿಕ್ಸಿಗೆ ಹತ್ತಿರ ಬಂದ ಹಾಗೆ ಏನೂ ಅಲ್ಲ, ಖಾಲಿ ಅಂದರೆ ಖಾಲಿ. ಆದರೆ ಮನಸ್ಸು ಹಾಗೆ ತಗೊಳ್ಳುವುದಿಲ್ಲ. ಕೇಂಬ್ರಿಡ್ಜಿನ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು 2009ರಲ್ಲಿ ಸ್ಲಾಟ್ ಮಷೀನ್ ತರದ ಆಟ ಆಡಿಸಿ ಮೆದುಳು ಸ್ಕ್ಯಾನ್ ಮಾಡಿದ್ದರು. ಕೂದಲೆಳೆಯಲ್ಲಿ ತಪ್ಪಿದಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ತಮ್ಮ ಕೈಯಿಂದಲೇ ಆರಿಸಿಕೊಂಡು ಹಾಗೆ ತಪ್ಪಿದವರಿಗೆ ಇನ್ನೊಂದು ಆಟ ಆಡುವ ಆಸೆ ಹೆಚ್ಚಾಯಿತು. ನಮ್ಮ ಶೆಟ್ರು ಬೇಕಂತ ಮಾಡಿದ್ದಲ್ಲ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸಿದ್ಧವಾಗಿ ಸಿಗುವ ಡಿಸೈನ್ ಅದು. ಆದರೂ ಸಾವಿರ ರೂಪಾಯಿ ಬಿಲ್ಲಿಗೆ ಇನ್ನು ಎಂಬತ್ತು ರೂಪಾಯಿ ಕಮ್ಮಿ ಇದ್ದಾಗ ಜನ ಬೇಡದ ಬಿಸ್ಕೆಟ್ ಸೇರಿಸಿ ಮತ್ತೊಂದು ಕೂಪನ್ ಕೇಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಎರಡನೆಯದು, ಹಲಗೆಯಲ್ಲಿ ಕೂಪನ್ ವಿವರ ಅಷ್ಟು ದೊಡ್ಡದಾಗಿ ಇತ್ತು, ಮೂವತ್ತು ರೂಪಾಯಿ ಕಡಿತದ ಚೀಟಿ ಮಾತ್ರ ಎಣ್ಣೆ ಡಬ್ಬಗಳ ಹಿಂದೆ ಅಂಟಿಸಿದ್ದರು. ಕೇಳಿದವರಿಗೆ ಕೊಡುತ್ತಿದ್ದರು, ಕೇಳದವರಿಗೆ ಗೊತ್ತಾಗುತ್ತಿರಲಿಲ್ಲ. ಹೇಳಿದ ಮಾರನೇ ದಿನವೇ ಹಲಗೆಯ ಮೇಲಿನ ಸಾಲಿಗೆ ಅದನ್ನು ತಂದರು. ಇದಕ್ಕೆ ಪೂರ್ತಿ ಅಂಕ.

ಮೂರನೆಯದು ಗಲ್ಲಾದಲ್ಲಿರುವ ಹುಡುಗನ ಮಾತು. "ಬೆಳಗ್ಗಿಂದ ಯಾರಿಗೂ ಬಿದ್ದಿಲ್ಲ ಮೇಡಂ, ನಿಮ್ಗೇ ಬೀಳತ್ತೆ, ತಗೊಳ್ಳಿ." ನಾಣ್ಯ ಚಿಮ್ಮುವ ಆಟದಲ್ಲಿ ಈ ಮಾತು ಶುದ್ಧ ಸುಳ್ಳು, ಹಿಂದೆ ಬಿದ್ದಿದ್ದು ನಾಣ್ಯಕ್ಕೆ ನೆನಪಿರುವುದಿಲ್ಲ. ಆದರೆ ಈ ಕೂಪನ್ ಡಬ್ಬದಲ್ಲಿ ಅದು ಪೂರ್ತಿ ಸುಳ್ಳಲ್ಲ, ಅದೇ ನನಗೆ ಕುತೂಹಲ ಹುಟ್ಟಿಸಿದ್ದು. ಇಲ್ಲಿ ತೆಗೆದ ಕೂಪನ್ ವಾಪಸ್ ಹೋಗುವುದಿಲ್ಲ. ಖಾಲಿಗಳು ಖರ್ಚಾಗುತ್ತಾ ಬಹುಮಾನ ಒಳಗೇ ಉಳಿದರೆ ಉಳಿದ ಕೂಪನ್ನಿನ ಬೆಲೆ ನಿಜವಾಗಿ ಏರುತ್ತದೆ. ಎಷ್ಟು ಏರಿದೆ ಅಂತ ತಿಳಿಯಬೇಕಾದರೆ ಹುಡುಗನ ಬಾಯಿ ಮಾತಲ್ಲ, ಹಲಗೆ ನೋಡಬೇಕು.

ದೀಪಾವಳಿಗೆ ಮುಂಚಿನ ಶನಿವಾರ ಹೋದಾಗ ಹಲಗೆ ಹೀಗಿತ್ತು. ಉಳಿದ ಕೂಪನ್ 180. ಮಿಕ್ಸಿ 1. ಕುಕ್ಕರ್ 2. ಎಣ್ಣೆ 8. ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ನಾಲ್ಕು ಸಾವಿರ, ಮೂರು ಸಾವಿರ, ಸಾವಿರದ ಇನ್ನೂರು, ಒಟ್ಟು 8,200. 180ರಿಂದ ಭಾಗಿಸಿದರೆ 45 ರೂಪಾಯಿಗೂ ಸ್ವಲ್ಪ ಜಾಸ್ತಿ! ಇಷ್ಟು ದಿನ ನಷ್ಟದ ವ್ಯವಹಾರವಾಗಿದ್ದ ಕೂಪನ್ ಈಗ ಮೂವತ್ತು ರೂಪಾಯಿಗಿಂತ ಮೇಲೆ ಹೋಗಿತ್ತು. ಶೆಟ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿ, "ಹೌದಲ್ಲಾ ಮೇಡಂ, ಬರ್ದಿದ್ದು ಬರ್ದಾಯ್ತು, ಒರೆಸಕ್ಕಾಗಲ್ಲ" ಅಂದರು. ಹಲಗೆ ಹಾಗೇ ಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಆ ಸಂಜೆಯೇ ಹಲಗೆ ಒಳಗೆ ಹೋಗುತ್ತಿತ್ತು.

ಅಮ್ಮನಿಗೂ ಹೇಳಿದೆ, ಇವತ್ತು ಕೂಪನ್ನೇ ಒಳ್ಳೇದು ಅಂತ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟರಲ್ಲಿ ಒಂದಕ್ಕೆ ಬರತ್ತೆ?" 180ರಲ್ಲಿ 11, ಸುಮಾರು ಹದಿನಾರಕ್ಕೆ ಒಂದು. "ಹಾಗಾದ್ರೆ ಹದಿನೈದು ಸಲ ಏನೂ ಇಲ್ಲ ತಾನೇ? ನಾನು ಬರೋದೇ ತಿಂಗಳಿಗೆ ಒಂದು ಸಲ." ಮೂವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸರಾಸರಿ ಅನ್ನುವುದು ನೂರಾರು ಸಲ ಆಡುವವರಿಗೆ ಅರ್ಥ ಕೊಡುವ ಮಾತು. ಒಂದೇ ಸಲ ಬರುವವರ ಚೀಲಕ್ಕೆ ಬೀಳುವುದು ಸರಾಸರಿ ಅಲ್ಲ, ಒಂದೋ ಮಿಕ್ಸಿ, ಇಲ್ಲ ಖಾಲಿ ಚೀಟಿ. ಮೊದಲ ದಿನ ಹದಿನೆಂಟಕ್ಕೆ ಒಂದು ಇದ್ದದ್ದು ಈಗ ಹದಿನಾರಕ್ಕೆ ಒಂದಾಗಿದೆ, ಅಷ್ಟೇ ಬದಲಾಗಿದ್ದು.

ನಾನು ಮಾತ್ರ ನನ್ನ ಬಿಲ್ಲಿಗೆ ಎರಡು ಕೂಪನ್ ತಗೊಂಡೆ. ಎರಡೂ ಖಾಲಿ. ಅವತ್ತಿನ ಹಲಗೆ ನೋಡಿ ತಗೊಂಡ ನಿರ್ಧಾರ ತಪ್ಪು ಅಂತ ನನಗೆ ಅನಿಸುತ್ತಿಲ್ಲ.

ಕಾನೂನಿನ ಮಾತೂ ಒಂದಿದೆ, ಅದನ್ನು ಬಿಡಬಾರದು. ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತು 2025ರ ಆಗಸ್ಟಿನಲ್ಲಿ ನಿಷೇಧದ ಕಾಯ್ದೆ ತಂದಿತು. ದಿನಸಿ ಅಂಗಡಿಯ ಕೂಪನ್ ಅಷ್ಟು ದೊಡ್ಡದಲ್ಲ ಅನ್ನಿಸಬಹುದು, ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರ ಹೆಚ್ಚಿಸಲು ಲಾಟರಿ ತರದ್ದನ್ನು ನಡೆಸುವುದನ್ನೂ, ಬಹುಮಾನ ಯೋಜನೆಯ ಫಲಿತಾಂಶವನ್ನು ಮುಚ್ಚಿಡುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಎರಡನೆಯ ತಪ್ಪು ಈ ಅಂಗಡಿಯಲ್ಲಿ ಇಲ್ಲ. ಮೊದಲನೆಯದರ ಬಗ್ಗೆ ಯಾರಾದರೂ ವಕೀಲರನ್ನು ಕೇಳಿ ಅಂತ ಶೆಟ್ರಿಗೆ ಹೇಳಿದ್ದೇನೆ. ನನ್ನನ್ನು ಕೇಳಿದರೆ ಮುಂದಿನ ವರ್ಷ ಎಲ್ಲರಿಗೂ ಮೂವತ್ತು ರೂಪಾಯಿ ಬಿಟ್ಟರೆ ಸಾಕು. ಹಬ್ಬದ ಸಡಗರ ಹೋಗುತ್ತದೆ ಅನ್ನುವುದು ಅವರ ಚಿಂತೆ, ಅದೂ ಸುಳ್ಳಲ್ಲ, ಆ ಅಜ್ಜಿ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಚಿಕ್ಕಪ್ಪ ಹಬ್ಬದ ಹಿಂದಿನ ದಿನ ಮತ್ತೆ ಬಂದಿದ್ದರು, ಈ ಸಲ ಚಿಕ್ಕಮ್ಮನ ಜೊತೆ. ಎರಡು ಸಾವಿರದ ಬಿಲ್ಲು. ಕೂಪನ್ ಡಬ್ಬದ ಕಡೆ ಕೈ ಹೋಗಿತ್ತು, ಚಿಕ್ಕಮ್ಮ "ರೀ" ಅಂದರು, ಅಷ್ಟೇ. ಅರವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡರು. ಕೆಂಟಕಿಯ ಅದೇ ಜೆಂಟಲ್ ಗುಂಪು ಮುಂದೆ ಇನ್ನೆರಡು ಪ್ರಯೋಗ ಮಾಡಿತ್ತು. ಹೆಚ್ಚು ಹಸಿದ ಪಾರಿವಾಳಗಳು ನಷ್ಟದ ಗುಂಡಿ ಕುಕ್ಕಿದವು, ಕಡಿಮೆ ಹಸಿದವು ಕುಕ್ಕಲಿಲ್ಲ. ಒಂಟಿ ಗೂಡಿನಲ್ಲಿ ಇದ್ದವುಗಳಿಗಿಂತ ದೊಡ್ಡ ಗೂಡಿನಲ್ಲಿ ಜೊತೆ ಹಕ್ಕಿಗಳೊಂದಿಗೆ ದಿನಕ್ಕೆ ಸ್ವಲ್ಪ ಹೊತ್ತು ಕಳೆದವು ಆ ಗುಂಡಿಯ ಕಡೆ ಅಷ್ಟು ಬೇಗ ವಾಲಲಿಲ್ಲ. ಚಿಕ್ಕಮ್ಮನ ಒಂದು "ರೀ" ಇದಕ್ಕೆ ಪುರಾವೆ ಅಂತ ನಾನು ಹೇಳುತ್ತಿಲ್ಲ. ಟೊಮೆಟೊ ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ಒಬ್ಬರೇ ಮಲಗುವ ಮನುಷ್ಯನನ್ನು ಚೆನ್ನಾಗಿ ಬಲ್ಲೆನಾದ್ದರಿಂದ ನೆನಪಾಯಿತು.

ಮಿಕ್ಸಿ ಕೊನೆಯ ಸಂಜೆ ಹೋಯಿತಂತೆ, ಉಳಿದ ಕೂಪನ್ ಇಪ್ಪತ್ತರ ಒಳಗಿದ್ದಾಗ, ಪಕ್ಕದ ಹಾಸ್ಟೆಲ್ಲಿನ ಹುಡುಗರು ದುಡ್ಡು ಕೂಡಿಸಿ ತಗೊಂಡ ಸಾಮಾನಿಗೆ. ಹಲಗೆಯನ್ನು ಹಬ್ಬ ಕಳೆದು ಹದಿನೈದು ದಿನ ಹಾಗೇ ಇಟ್ಟಿದ್ದರು, ಯಾವ ನಂಬರಿನ ಕೂಪನ್ನಿಗೆ ಏನು ಬಂತು ಅಂತ ಪೂರ್ತಿ ಬರೆದು. ಮೊನ್ನೆ ಹೋದಾಗ ಶೆಟ್ರು ಒಂದು ಮಾದರಿ ಚೀಟಿ ತೋರಿಸಿದರು. ಮುಂದಿನ ಸಲ ಸ್ಕೀಮ್ ಮಾಡಿದರೆ ಹೀಗಿರಲಿ ಅಂತ ಪ್ರೆಸ್ಸಿನವರಿಂದ ಮಾಡಿಸಿದ್ದಂತೆ. ಚಿತ್ರ ಒಂದೂ ಇಲ್ಲ. ಉಜ್ಜಿದೆ. "ಬಹುಮಾನ ಇಲ್ಲ. ಬಂದಿದ್ದಕ್ಕೆ ಧನ್ಯವಾದ" ಅಂತಿತ್ತು.

ಐದರಲ್ಲಿ ನಾಲ್ಕು ಸ್ಟಾರ್. ಬೆಳಗ್ಗೆ ಎಂಟಕ್ಕೆ ತೆಗೆಯುತ್ತಾರೆ. ಅವರೆಕಾಯಿ ಶುರುವಾಗಿದೆ, ಹಿತಕಿದ ಬೇಳೆ ಬೇಕಾದವರು ಹತ್ತರೊಳಗೆ ಹೋಗಿ, ಆಮೇಲೆ ಸಿಗುವುದಿಲ್ಲ.